ಅನ್ನಮ್ಮನವರ ತಲೆಗೆ ಪೇಟ

ಸಿಟ್ಟು ಬಂದಾಗ ಅನ್ನಮ್ಮನವರ ಕಿವಿ ಮೊದಲು ಕೆಂಪಾಗುತ್ತಿತ್ತು. ಬಿಳಿ ಚರ್ಮ, ಬೆಳ್ಳಗಿನ ಕೂದಲು, ಅದರ ನಡುವೆ ದಾಸವಾಳದ ಹಾಗೆ ಎರಡು ಕಿವಿ. ಆಮೇಲೆ ಕುತ್ತಿಗೆ, ಆಮೇಲೆ ಮೂಗಿನ ತುದಿ. ಬಾಯಿ ಬಿಡುತ್ತಿದ್ದುದು ಎಲ್ಲಕ್ಕಿಂತ ಕೊನೆಗೆ. ಬಾಯಿ ಬಿಟ್ಟರೆ ಜರ್ಮನ್ನೂ ಬರುತ್ತಿರಲಿಲ್ಲ, ಇಂಗ್ಲಿಷೂ ಬರುತ್ತಿರಲಿಲ್ಲ. ಕೊಡಿಗೇಹಳ್ಳಿಯ ಹಳಬರು ಹೊಲದ ಬದುವಿನ ಮೇಲೆ ನಿಂತು ಆಡುತ್ತಿದ್ದ ಕನ್ನಡ ಬರುತ್ತಿತ್ತು.

"ಯಾರಪ್ಪಾ ಅದು, ಗೇಟಿಗೆ ಅಡ್ಡ ಕಾರ್ ನಿಲ್ಸಿರೋದು? ನಿಮ್ಮಪ್ಪನ ಒಲ ಅಂತ ತಿಳ್ಕೊಂಡಿದ್ದೀಯಾ ಇದನ್ನ?"

ಕಾರಿನವನು ಮೊದಲು ಮೇಲೆ ನೋಡುತ್ತಿದ್ದ, ಆಮೇಲೆ ಸುತ್ತಲೂ ನೋಡುತ್ತಿದ್ದ. ಬೈದವರು ಆ ಬಿಳಿ ಅಜ್ಜಿಯೇ ಎಂದು ನಂಬಲು ಅವನಿಗೆ ಸ್ವಲ್ಪ ಹೊತ್ತು ಬೇಕಾಗುತ್ತಿತ್ತು.

ಅವರ ಹೆಸರು ಹನ್ನೆಲೋರೆ. ಕೊಡಿಗೇಹಳ್ಳಿಯ ಅವರ ಅತ್ತೆಗೆ ಅದು ಬಾಯಿಗೆ ಬರಲಿಲ್ಲ, ಅನ್ನಮ್ಮ ಎಂದು ಕರೆದರು, ಅದೇ ಉಳಿಯಿತು. ಕನ್ನಡ ಕಲಿಸಿದ್ದೂ ಅದೇ ಅತ್ತೆ. ಅನ್ನಮ್ಮನವರ ಯಜಮಾನರು ಆ ಊರಿನ ಹೊಲಮನೆಯವರ ಮಗ, ಯಂತ್ರದ ಕೆಲಸ ಕಲಿಯಲು ಜರ್ಮನಿಗೆ ಹೋಗಿದ್ದಾಗ ಇವರನ್ನು ಮದುವೆಯಾಗಿ ಕರೆದುಕೊಂಡು ಬಂದವರು. ಮನೆಯವರ ಹೊಲವೆಲ್ಲ ಸೈಟುಗಳಾದ ಮೇಲೆ ಸಹಕಾರನಗರದಲ್ಲಿ ಒಂದು ಮನೆ ಕಟ್ಟಿಸಿದರು. ಮೇಲೆ ಅವರು, ಕೆಳಗೆ ಬಾಡಿಗೆಗೆ ನಾವು. ನಾವು ಬರುವ ಹೊತ್ತಿಗೆ ಅತ್ತೆಯೂ ಇರಲಿಲ್ಲ, ಯಜಮಾನರೂ ಇರಲಿಲ್ಲ. ಅನ್ನಮ್ಮನವರು ಮತ್ತು ಒಂದು ಕರೀ ಪಿಯಾನೋ ಇದ್ದರು.

ಹೀಗೆ ಬರೆದರೆ ತಮಾಷೆಯ ಮನುಷ್ಯರು ಅನ್ನಿಸಬಹುದು. ಲೇಔಟಿನವರೆಲ್ಲ ಹಾಗೇ ಅಂದುಕೊಂಡರು. ನನಗೆ ಕೋಪ ಇರುವುದು ಅಲ್ಲೇ.

ಅವರು ಪಿಯಾನೋ ನುಡಿಸುವವರು. ಹವ್ಯಾಸಕ್ಕಲ್ಲ, ಅದೇ ಅವರ ಕಸುಬು. ತಂದೆ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರಂತೆ. ಕಾಲು ನೆಲಕ್ಕೆ ಎಟುಕದ ವಯಸ್ಸಿನಲ್ಲಿ ಮಗಳನ್ನು ಸ್ಟೂಲಿನ ಮೇಲೆ ಕೂರಿಸಿದರಂತೆ. ಆಮೇಲೆ ದೊಡ್ಡ ಶಾಲೆ, ದೊಡ್ಡ ಗುರುಗಳು, ಊರೂರು ಸುತ್ತಿ ಕಚೇರಿಗಳು. ರೈಲಿನಲ್ಲಿ ನಿದ್ದೆ, ಹೋಟೆಲಿನಲ್ಲಿ ತಿಂಡಿ, ಸಂಜೆಗೆ ಕಪ್ಪು ಗೌನು. ಅವರು ಆ ಗೌನನ್ನು ನನಗೊಮ್ಮೆ ತೋರಿಸಿದ್ದರು. ಹುಳು ಹಿಡಿಯದಿರಲಿ ಎಂದು ನಾನು ರೇಷ್ಮೆ ಸೀರೆಗೆ ಇಡುವ ಹಾಗೆ ಲವಂಗ, ಒಣಗಿದ ಬೇವಿನೆಲೆ ಬಟ್ಟೆಯಲ್ಲಿ ಕಟ್ಟಿಕೊಟ್ಟೆ. ಮೂಸಿ ನೋಡಿ, "ಪಿಯಾನೋಗೂ ಒಂದು ಮಾಡ್ಕೊಡವ್ವ. ಅದರ ಒಳಗೂ ಉಣ್ಣೆ ಐತೆ, ನಿಮ್ಮೂರ ಉಳ ಅದ್ನೂ ತಿಂತಾವೆ" ಅಂದರು. ಆವತ್ತಿನಿಂದ ಪಿಯಾನೋದ ಹೊಟ್ಟೆಯಲ್ಲಿ ನನ್ನ ಗಂಟೊಂದು ಇತ್ತು.

ಕಚೇರಿಗಳು ನಿಂತದ್ದು ಬಲಗೈಯಿಂದ. ಉಂಗುರದ ಬೆರಳೂ ಕಿರುಬೆರಳೂ ತಾವಾಗೇ ಒಳಕ್ಕೆ ಮಡಚಿಕೊಳ್ಳತೊಡಗಿದವು. ಬೇರೆ ಕೆಲಸಕ್ಕೆ ಏನೂ ತೊಂದರೆಯಿಲ್ಲ, ಪಿಯಾನೋ ಮುಂದೆ ಕೂತರೆ ಮಾತ್ರ ಹಾಗೆ. ನೋವೂ ಇಲ್ಲ, ಔಷಧಿಯೂ ಇಲ್ಲ. ಕೊನೆಯ ಕಚೇರಿಯಲ್ಲಿ, ಜನ ತುಂಬಿದ ಸಭೆಯಲ್ಲಿ, ನುಡಿಸುತ್ತಿದ್ದದ್ದನ್ನು ಅರ್ಧಕ್ಕೆ ನಿಲ್ಲಿಸಿ ಎದ್ದು ಹೋಗಬೇಕಾಯಿತು. ಇನ್ನು ನಿಮ್ಮ ಕೆಲಸ ಮುಗಿಯಿತು ಎಂದರಂತೆ ಕಚೇರಿ ಗೊತ್ತುಮಾಡುವವರು.

ಬೆಂಗಳೂರಿಗೆ ಬಂದ ಮೇಲೆ ಬಹಳ ವರ್ಷ ಅವರು ಪಿಯಾನೋ ಮುಟ್ಟಲಿಲ್ಲ. ಒಂದು ಅವರೆಕಾಯಿ ಕಾಲದಲ್ಲಿ ಅತ್ತೆ ಸೊಸೆ ಕೂತು ನೆನೆಸಿದ ಕಾಳನ್ನು ಹಿದುಕುತ್ತಿದ್ದರು, ಹಿದುಕಿದ ಬೇಳೆ ಸಾರಿಗೆ. ಅತ್ತೆ ಸೊಸೆಯ ಕೈ ನೋಡಿ, "ಕಾಳು ಇದುಕಕ್ಕೆ ಬತ್ತದೆ, ಆ ಕರೀ ಪೆಟ್ಟಿಗೆ ಬಡಿಯಕ್ಕೆ ಯಾಕೆ ಬರಲ್ವಂತೆ ನಿನ್ನ ಬೆರಳು?" ಅಂದರಂತೆ.

"ಎಂಗ್ ಸಿಟ್ಟು ಬಂತು ಅಂತೀಯಾ ನಂಗೆ," ಎಂದು ಅನ್ನಮ್ಮನವರು ಹೇಳುತ್ತಿದ್ದರು. "ಬೇಸಿನ್ನು ಅಲ್ಲೇ ಬಿಟ್ಟು ಎದ್ದೋಗಿ ಪಿಯಾನೋ ಮುಂದೆ ಕುಂತೆ."

ಆವತ್ತು ಶುರುವಾದದ್ದು ನಾವು ಬಂದ ಮೇಲೂ ನಡೆಯುತ್ತಿತ್ತು. ಮೂರು ಸ್ವರ. ಅದೇ ಮೂರು ಸ್ವರ, ಆ ಎರಡು ಬೆರಳಿಗೆ, ನಿಧಾನವಾಗಿ, ತಿಂಗಳುಗಟ್ಟಲೆ. ಬೆರಳು ಮಡಚಿದ ಕೂಡಲೇ ನಿಲ್ಲಿಸಿ ಮತ್ತೆ ಮೊದಲಿಂದ. ನನ್ನ ಯಜಮಾನರು, "ಮೇಲೆ ಏನೇ ಅದು, ನಲ್ಲಿ ತೊಟ್ಟಿಕ್ಕಿದ ಹಾಗೆ?" ಎಂದು ಗೊಣಗುತ್ತಿದ್ದರು. ನನಗೆ ಅದು ಜಪದ ಹಾಗೆ ಕೇಳಿಸುತ್ತಿತ್ತು. ನಮ್ಮಿಬ್ಬರಲ್ಲಿ ಒಂದು ಒಪ್ಪಂದವೂ ಆಗಿತ್ತು. ನನ್ನ ಪೂಜೆಯ ಗಂಟೆ ನಿಲ್ಲುವ ತನಕ ಅವರು ಶುರುಮಾಡುವುದಿಲ್ಲ, ಅವರು ಮುಗಿಸುವ ತನಕ ನಾನು ಮಿಕ್ಸಿ ಹಾಕುವುದಿಲ್ಲ.

ಮುಗಿಸುವುದು ಅನ್ನುವುದೇ ಅವರ ದೊಡ್ಡ ಮಾತು.

ನನಗೊಂದು ಅಭ್ಯಾಸವಿದೆ. ಸಂಜೆ ದೀಪ ಹಚ್ಚಿ, ಆ ದಿನ ಒದಗಿಬಂದ ಒಳ್ಳೆಯದನ್ನೆಲ್ಲ ರಾಯರ ಮುಂದೆ ಹೇಳಿಕೊಳ್ಳುವುದು. ಒಲೆ ಆರುವ ಮೊದಲೇ ಸಿಲಿಂಡರ್ ಬಂತು, ನಿಮ್ಮ ದಯೆ. ಮಗಳ ಜ್ವರ ಇಳಿಯಿತು, ನಿಮ್ಮ ದಯೆ. ಒಂದು ಸಂಜೆ ಕರಿಬೇವು ಕೇಳಲು ಬಂದ ಅನ್ನಮ್ಮನವರು ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡರು. ಆವತ್ತು ನಾನು ನಲ್ಲಿಯಲ್ಲಿ ನೀರು ಬಂದದ್ದಕ್ಕೆ ಕೈ ಮುಗಿಯುತ್ತಿದ್ದೆ.

"ನೀರು ಬಂತು ಅಂತ ರಾಯರಿಗೆ ಯೋಳ್ದೆ. ಇಷ್ಟು ದಿನ ಬರಲಿಲ್ವಲ್ಲ, ಅದನ್ನ ಯಾರಿಗೆ ಯೋಳ್ದೆ, ಗಿರಿಜಾ?"

"ಅದನ್ನ ಯಾರಿಗೆ ಹೇಳೋದಮ್ಮ? ಕಷ್ಟ ಆಯ್ತು, ಆದ್ರೆ... ಹೋಗ್ಲಿ ಬಿಡಿ."

"ಆದ್ರೆ?"

"ಏನಿಲ್ಲ, ಬಿಡಿ ಅಮ್ಮ."

"ಮಾತ ಅರ್ಧಕ್ಕೆ ಬಿಡಬ್ಯಾಡ. ಪೂರ್ತಿ ಮಾಡು. ಆದ್ರೆ ನಂಗೆ ಸಿಟ್ಟು ಬಂದೈತೆ. ಅಷ್ಟೇ ತಾನೆ? ಯೋಳು."

ನನಗೆ ಹೇಳಲಾಗಲಿಲ್ಲ. ದೀಪದ ಮುಂದೆ ನಿಂತು ಸಿಟ್ಟು ಬಂದಿದೆ ಅನ್ನುವುದು ನಾನು ಕಲಿತು ಬಂದದ್ದಲ್ಲ. ಅವರು ಕರಿಬೇವು ತೆಗೆದುಕೊಂಡು, "ನಿಮ್ಮ ರಾಯರಿಗೆ ಕಿವಿ ಸರಿಯಾಗಿ ಐತೆ. ಒಳ್ಳೇದು ಮಾತ್ರ ಕೇಳ್ಸೋ ಕಿವಿ ಯಾವ ದ್ಯಾವರಿಗೂ ಇಲ್ಲ" ಎಂದು ಮೆಟ್ಟಿಲು ಹತ್ತಿದರು.

ನನ್ನ ಯಜಮಾನರಿಗೆ ನಾನು ಏನಾದರೂ ಹೇಳುತ್ತಿರುವಾಗ, ಅವರು ರೂಢಿಯಂತೆ "ಆಯ್ತು ಬಿಡೇ" ಅಂದರೆ ಮೇಲಿನ ಬಾಲ್ಕನಿಯಿಂದ ದನಿ ಬರುತ್ತಿತ್ತು: "ಅವಳದು ಇನ್ನೂ ಮುಗಿದಿಲ್ಲ ಕಣಪ್ಪಾ." ಯಜಮಾನರು ಬಾಗಿಲು ಹಾಕಿಕೊಂಡು ಪೂರ್ತಿ ಕೇಳುತ್ತಿದ್ದರು. ಬಾಗಿಲು ಹಾಕಿದ್ದು ಮರ್ಯಾದೆಗೆ, ಕೇಳಿದ್ದು ಹೆದರಿಕೆಗೆ. ನನಗಂತೂ ಎರಡೂ ಲಾಭವೇ.

ಒಮ್ಮೆ ಪಕ್ಕದ ರಸ್ತೆಯ ತಾಯಿಯೊಬ್ಬರು ಮಗಳನ್ನು ಪಾಠಕ್ಕೆಂದು ಕರೆತಂದರು. ಹುಡುಗಿ ಇನ್ನೂ ಕೂತಿರಲಿಲ್ಲ. "ಮ್ಯಾಮ್, ಬೇಗ ಬೇಗ ಗ್ರೇಡ್ ಎಕ್ಸಾಮ್ ಕಟ್ಟಿಸಬಹುದಾ? ಸರ್ಟಿಫಿಕೇಟ್ ಬೇಕಾಗಿತ್ತು" ಎಂದು ಆ ತಾಯಿ ಕೇಳಿದರು. ಕಿವಿ ಕೆಂಪಾದವು. "ಇದು ದಂಟಿನ ಸೊಪ್ಪಲ್ಲ ಕಣವ್ವ, ಚೆಲ್ಲುದ್ರೆ ಮುಂದಿನ ತಿಂಗಳು ಕಿತ್ಕೊಳ್ಳಕ್ಕೆ. ಮಗೀನ ಬಿಟ್ಟೋಗು, ನೀನು ಮಾತ್ರ ಬರಬ್ಯಾಡ." ತಾಯಿ ಮಗುವನ್ನೂ ಕರೆದುಕೊಂಡು ಹೋದರು.

ಇನ್ನು ಮಂಜುನಾಥ್. ಅನ್ನಮ್ಮನವರ ಮೈದುನನ ಮಗ. ಮನೆ ಕಟ್ಟಿಸಿ ಮಾರುವವರು, ನಮ್ಮ ಲೇಔಟಿನ ಸಂಘದ ಅಧ್ಯಕ್ಷರು, ಯಲಹಂಕದ ಕಡೆ ಒಂದು ಕಲ್ಯಾಣ ಮಂಟಪ ಬೇರೆ. ಕೆಟ್ಟವರಲ್ಲ. ಪ್ರತಿ ಯುಗಾದಿಗೆ "ದೊಡ್ಡಮ್ಮಾ" ಎಂದು ಕೂಗಿಕೊಂಡೇ ಮೆಟ್ಟಿಲು ಹತ್ತುತ್ತಿದ್ದರು. ಸೀರೆ, ಒಬ್ಬಟ್ಟು ತಂದು ಕಾಲಿಗೆ ಬೀಳುತ್ತಿದ್ದರು. ಕೆಟ್ಟವರಾಗಿದ್ದರೆ ನಾನು ಎಂದೋ ಅವರನ್ನು ದೇವರಿಗೆ ಬಿಟ್ಟು ಸುಮ್ಮನಾಗುತ್ತಿದ್ದೆ. ಒಳ್ಳೆಯವರು ಮಾಡಿದ ಕೆಲಸವಾದ್ದರಿಂದ ಸಿಟ್ಟು ಇಳಿಯುತ್ತಲೇ ಇಲ್ಲ.

ರಾಜ್ಯೋತ್ಸವಕ್ಕೆ ಪಾರ್ಕಿನಲ್ಲಿ ದೊಡ್ಡಮ್ಮ ಪಿಯಾನೋ ನುಡಿಸಬೇಕು ಎಂದು ಕೇಳಿಕೊಂಡು ಬಂದವರು ಅವರೇ. ನಾನು ಕಾಫಿ ಕೊಡಲು ಮೇಲೆ ಹೋಗಿದ್ದೆ. ಅನ್ನಮ್ಮನವರು ಬಹಳ ಹೊತ್ತು ಬಲಗೈಯನ್ನು ನೋಡಿಕೊಂಡು ಕೂತರು. ಆ ವರ್ಷ ಬೆರಳುಗಳು ಮಾತು ಕೇಳುತ್ತಿದ್ದವು. ಮೂರು ಸ್ವರ ದಾಟಿ ಹಾಡಿನ ತುಂಡುಗಳು ಕೆಳಗೆ ಕೇಳಿಸುತ್ತಿದ್ದವು.

"ಅರ್ಧ ಗಂಟೆ ಬೇಕು," ಅಂದರು. "ಮಧ್ಯೆ ಯಾರೂ ಬರಂಗಿಲ್ಲ."

"ನಿಮಗೆಷ್ಟು ಬೇಕೋ ಅಷ್ಟು ತಗೊಳ್ಳಿ ದೊಡ್ಡಮ್ಮ. ನಾನಿದ್ದೀನಲ್ಲ."

ಮಂಜುನಾಥ್ ಹೋದ ಮೇಲೆ ಅನ್ನಮ್ಮನವರು ನನ್ನ ಕಡೆ ತಿರುಗಿ, "ಆ ಊರ್ನಾಗೆ ಅರ್ಧಕ್ಕೆ ಬಿಟ್ಟೆದ್ದಿದ್ನಲ್ಲ, ಅದನ್ನೇ ನುಡುಸ್ತೀನಿ. ಜನದ ಮುಂದೆ ಬಿಟ್ಟಿದ್ದನ್ನ ಜನದ ಮುಂದೇನೇ ಮುಗುಸ್ಬೇಕು. ಆಮೇಲೆ ಸತ್ರೂ ಚಿಂತಿಲ್ಲ" ಅಂದರು. ನಾನು ಬಾಯಿಗೆ ಬಂದ 'ಬಿಡ್ತು ಅನ್ನಿ' ಎನ್ನುವ ಮಾತನ್ನು ನುಂಗಿಕೊಂಡೆ. ಅವರು ಹಾಗೆ ನಗುನಗುತ್ತ ಮಾತಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಪಿಯಾನೋವನ್ನು ಮೇಲಿನಿಂದ ಇಳಿಸುವಾಗ ಅನ್ನಮ್ಮನವರು ಆಳುಗಳ ಮುಂದೆ ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಇಳಿದು, ಬಸುರಿ ಹೆಂಗಸನ್ನು ಇಳಿಸುವ ಹಾಗೆ ಇಳಿಸಿಕೊಂಡರು. ಪಾರ್ಕಿನಲ್ಲಿ ಶಾಮಿಯಾನ, ಬಾವುಟ, ಕುರ್ಚಿಗಳು. ಅನ್ನಮ್ಮನವರು ಆ ಹಳೆಯ ಕಪ್ಪು ಗೌನನ್ನೇ ಹಾಕಿಕೊಂಡು ಬಂದಿದ್ದರು. ಹತ್ತಿರ ಹೋದರೆ ಲವಂಗದ ವಾಸನೆ. ಯಾರೋ ಪಿಯಾನೋ ಮೇಲೆ ಹೂಗುಚ್ಛಗಳನ್ನೂ ನೆನಪಿನ ಕಾಣಿಕೆಗಳನ್ನೂ ಜೋಡಿಸಿಟ್ಟಿದ್ದರು. ಅವನ್ನೆಲ್ಲ ಇಳಿಸಿ ಕೂತರು. ಶುರುಮಾಡಿದರು.

ನನಗೆ ಆ ಸಂಗೀತದ ಶಾಸ್ತ್ರ ಗೊತ್ತಿಲ್ಲ. ಕೆಳಗಿನ ಮನೆಯಲ್ಲಿ ಪಾತ್ರೆ ತೊಳೆಯುತ್ತ, ಅಕ್ಕಿ ಆರಿಸುತ್ತ ನಾನು ತುಂಡುತುಂಡಾಗಿ ಕೇಳಿದ್ದೆಲ್ಲ ಆವತ್ತು ಒಂದಕ್ಕೊಂದು ಪೋಣಿಸಿಕೊಂಡು ಬಂತು. ಆ ಮೂರು ಸ್ವರ ಬಂದಾಗ ನಾನು ಸೆರಗನ್ನು ಬಿಗಿಯಾಗಿ ಹಿಡಿದುಕೊಂಡೆ. ಬೆರಳು ಮಡಚಲಿಲ್ಲ. ರಾಯರೇ, ಇದೊಂದು ಮುಗಿಯಲಿ ಎಂದು ಬೇಡಿಕೊಂಡೆ.

ಆಗ ಗೇಟಿನ ಕಡೆಯಿಂದ ತಮಟೆ. ಮುಖ್ಯ ಅತಿಥಿ ಬಂದರು. ಅನ್ನಮ್ಮನವರು ನಿಲ್ಲಿಸಲಿಲ್ಲ. ತಮಟೆ ನಿಂತಿತು, ಅವರು ನುಡಿಸುತ್ತಲೇ ಇದ್ದರು. ಅತಿಥಿಗಳಿಗೆ ಹೆಬ್ಬಾಳದಲ್ಲಿ ಇನ್ನೊಂದು ಕಾರ್ಯಕ್ರಮವಂತೆ, ತಡವಾಗುತ್ತದಂತೆ. ಮಂಜುನಾಥ್ ಅತಿಥಿಗಳ ಕಿವಿಯಲ್ಲಿ ಏನೋ ಹೇಳಿದರು, ಮೈಕ್ ಹಿಡಿದವರಿಗೆ ಕಣ್ಸನ್ನೆ ಮಾಡಿದರು. "ಈಗ ನಮ್ಮ ಬಡಾವಣೆಯ ಹೆಮ್ಮೆಯ ಕಲಾವಿದೆಗೆ ಸನ್ಮಾನ" ಎಂದು ಘೋಷಣೆಯಾಯಿತು. ಸಂಘದವರು ತಟ್ಟೆ ಹಿಡಿದುಕೊಂಡು ವೇದಿಕೆಯ ಮೇಲೆ ಸಾಲಾಗಿ ಬಂದರು.

ಹೀಗೆ ಮಾಡಿದರೆ ಅನ್ನಮ್ಮನವರು ನಿಲ್ಲಿಸುತ್ತಾರೆ ಎಂದುಕೊಂಡಿದ್ದರೇನೋ. ಅವರು ನಿಲ್ಲಿಸಲಿಲ್ಲ. ಇವರೂ ನಿಲ್ಲಲಿಲ್ಲ. ಅವರ ಎರಡು ಕೈಯೂ ಪಿಯಾನೋ ಮೇಲಿರುವಾಗಲೇ ಅತಿಥಿಗಳು ಕೊರಳಿಗೆ ಹಾರ ಹಾಕಿದರು. ಇನ್ನೊಬ್ಬರು ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟರು. ಹೊದಿಸಿದ ಶಾಲು ಬಲಗೈ ಮೇಲೆ ಜಾರಿ ಬೆರಳುಗಳನ್ನು ಮುಚ್ಚಿತು. ಮಂಜುನಾಥ್ ಪ್ರೀತಿಯಿಂದ, ಎರಡೂ ಕೈಯಿಂದ, ತಲೆಗೆ ಮೈಸೂರು ಪೇಟ ತೊಡಿಸಿದರು. ಅದು ಅವರ ತಲೆಗೆ ದೊಡ್ಡದು, ಕಣ್ಣಿನವರೆಗೆ ಇಳಿಯಿತು. "ಅಮ್ಮಾ, ಈ ಕಡೆ ನೋಡಿ" ಅಂದ ಫೋಟೋದವನು.

ಸ್ವರ ನಿಂತಿತು.

ಪೇಟದೊಳಗೆ ಆ ಕಿವಿ ಯಾರಿಗೂ ಕಾಣಲಿಲ್ಲ. ನನಗೆ ಗೊತ್ತಿತ್ತು. ಅವರು ಎದ್ದರು, ಬುಟ್ಟಿ ಉರುಳಿತು, ಮೈಕ್ ತೆಗೆದುಕೊಂಡರು.

"ಉಣ್ತಿರೋರ ಬಾಯಿಗೆ ಬಟ್ಟೆ ತುರುಕ್ಬುಟ್ಟು ಮರ್ವಾದೆ ಮಾಡ್ದೋ ಅಂತೀರಲ್ಲ, ನಾಚ್ಕೆ ಆಗಲ್ವಾ ನಿಮಗೆ? ಉಳೋ ಎತ್ತನ್ನ ಅರ್ಧ ಸಾಲ್ನಾಗೆ ನಿಲ್ಸಿ ಯಾರಾದ್ರೂ ಊವಿನ ಆರ ಆಕ್ತಾರಾ? ಯಾವ ಅಳ್ಳಿಯೋರ್ಲಾ ನೀವು?"

ಇಡೀ ಪಾರ್ಕು ನಕ್ಕಿತು. ಶಿಳ್ಳೆ, ಚಪ್ಪಾಳೆ. "ಸೂಪರ್ ಅಜ್ಜಿ!" "ಇನ್ನೊಂದ್ ಸಲ ಅಮ್ಮ!" ಅವರು ಬೈದಷ್ಟೂ ಜನ ಚಪ್ಪಾಳೆ ತಟ್ಟಿದರು. ಅತಿಥಿಗಳು ಕೈ ಮುಗಿದು, ಇಂಥ ಕನ್ನಡ ನಮ್ಮ ಮಕ್ಕಳಿಗೂ ಬರಲಿ ಎಂದು ಹಾರೈಸಿ ಹೆಬ್ಬಾಳಕ್ಕೆ ಹೊರಟರು. ಅನ್ನಮ್ಮನವರು ಪೇಟ ತೆಗೆದು ಸ್ಟೂಲಿನ ಮೇಲಿಟ್ಟು, ಪಿಯಾನೋ ಮುಚ್ಚಿ, ಕುರ್ಚಿಗಳ ನಡುವೆ ಒಬ್ಬರೇ ನಡೆದು ಮನೆಗೆ ಹೋದರು.

ಬೆಳಗಾಗುವುದರೊಳಗೆ ಅದು ಎಲ್ಲರ ಮೊಬೈಲಿನಲ್ಲಿತ್ತು. ಜರ್ಮನ್ ಅಜ್ಜಿಯ ಖಡಕ್ ಕನ್ನಡ. ನನ್ನ ತಂಗಿ ದಾಸರಹಳ್ಳಿಯಿಂದ ಫೋನ್ ಮಾಡಿ, "ಅಕ್ಕಾ, ನಿಮ್ಮ ಓನರಲ್ವಾ? ಎಷ್ಟು ಮುದ್ದಾಗಿ ಮಾತಾಡ್ತಾರೆ" ಅಂದಳು. ಚಾನೆಲ್ಲಿನ ಮೈಕು ಹಿಡಿದವರು ಮನೆ ಹುಡುಕಿಕೊಂಡು ಬಂದರು. "ಅಮ್ಮಾ, ಒಂದ್ಸಲ ನಮ್ಮನ್ನೂ ಬೈಯಿರಿ" ಎಂದು ಗೇಟಿನಲ್ಲಿ ನಿಂತು ಹಲ್ಲು ಕಿಸಿದರು. ನೀವು ಏನು ನುಡಿಸುತ್ತಿದ್ದಿರಿ, ಅದು ಮುಂದೆ ಹೇಗಿದೆ ಎಂದು ಕೇಳಿದವರು ಒಬ್ಬರೂ ಇಲ್ಲ. ಅಷ್ಟು ಚೆನ್ನಾಗಿ ಕನ್ನಡ ಕಲಿತು, ಅಷ್ಟು ಸ್ಪಷ್ಟವಾಗಿ ಬೈದರೂ ಬೈದದ್ದು ಯಾರಿಗೂ ತಾಗಲಿಲ್ಲ. ಜನಕ್ಕೆ ಕನ್ನಡ ಕೇಳಿಸಿತು, ಮಾತು ಕೇಳಿಸಲಿಲ್ಲ.

ಆಳುಗಳು ಮರುದಿನವೇ ಪಿಯಾನೋವನ್ನು ಮೇಲಕ್ಕೆ ಹತ್ತಿಸಿದರೂ ಮೇಲಿನ ಮನೆ ಬಹಳ ದಿನ ಸುಮ್ಮನಿತ್ತು. ಆಮೇಲೆ ಒಂದು ಬೆಳಿಗ್ಗೆ ನನ್ನ ಗಂಟೆ ನಿಂತ ಕೂಡಲೇ ಮತ್ತೆ ಆ ಮೂರು ಸ್ವರ. ಮೂರನೆಯದಕ್ಕೆ ತಡವರಿಸಿ ನಿಂತಿತು. ಮತ್ತೆ ಮೊದಲಿಂದ. ಬೆರಳು ಮತ್ತೆ ಮಡಚಿಕೊಂಡಿತ್ತು.

ಆ ಸಂಜೆ ದೀಪದ ಮುಂದೆ ನಾನು ಮೊದಲ ಸಲ ಹೇಳಿದೆ. ರಾಯರೇ, ಹಾಲು ಒಡೆಯಲಿಲ್ಲ, ನಿಮ್ಮ ದಯೆ. ಆದರೆ ನನಗೆ ಸಿಟ್ಟು ಬಂದಿದೆ. ದೀಪ ಆರಲಿಲ್ಲ. ಹಾಗೇ ಉರಿಯುತ್ತಿತ್ತು.

ಮುಂದಿನ ಬೇಸಿಗೆಗೆ ಅನ್ನಮ್ಮನವರು ಮೆಟ್ಟಿಲಿಳಿಯುವುದನ್ನು ನಿಲ್ಲಿಸಿದ್ದರು. ಹೃದಯ ದುರ್ಬಲವಾಗಿದೆ ಎಂದಿದ್ದರು ಡಾಕ್ಟರು. ಆ ವರ್ಷ ನಮ್ಮ ಕಡೆ ಬೋರ್‌ವೆಲ್ ಬತ್ತಿ, ಟ್ಯಾಂಕರಿಗೆ ಹೇಳಿ ದಿನಗಟ್ಟಲೆ ಕಾಯಬೇಕಾಗಿತ್ತು. ಒಂದು ಮಧ್ಯಾಹ್ನ ಮೇಲಿನಿಂದ ಕರೆದರು.

"ಗಿರಿಜಾ, ಬಾ. ಬಾಗಿಲಾಕು. ಕುಂತ್ಕೋ."

"ಏನಮ್ಮಾ?"

"ಜನ ಬೇಕಿತ್ತು. ನೀನೇ ಜನ."

ನುಡಿಸತೊಡಗಿದರು. ಪಾರ್ಕಿನಲ್ಲಿ ನುಡಿಸಿದಷ್ಟು ವೇಗವಿರಲಿಲ್ಲ. ಕೆಲವು ಕಡೆ ಆ ಎರಡು ಬೆರಳನ್ನು ಬಿಟ್ಟು ಬೇರೆ ಬೆರಳಲ್ಲಿ ದಾಟಿಕೊಂಡರು. ಶಾಲು ಬಿದ್ದ ಜಾಗ ನನಗೆ ಗೊತ್ತಿತ್ತು. ಅದಕ್ಕೆ ಇನ್ನೂ ಸ್ವಲ್ಪ ಇದೆ ಅನ್ನುವಾಗ ಕೆಳಗೆ ಟ್ಯಾಂಕರ್ ಬಂದು ಹಾರ್ನ್ ಹೊಡೆಯಿತು. ನಾವು ಕಾಯುತ್ತಿದ್ದ ಟ್ಯಾಂಕರು. ಹೋಗಿ ಸಂಪಿನ ಮುಚ್ಚಳ ತೆಗೆಯಬೇಕಾದವಳು ನಾನು, ಮನೆಯಲ್ಲಿ ಇನ್ಯಾರೂ ಇಲ್ಲ. ಮನೆಯಲ್ಲಿದ್ದದ್ದು ಕುಡಿಯುವುದಕ್ಕೆ ಒಂದು ಬಿಂದಿಗೆ. ಮತ್ತೆ ಹಾರ್ನ್. "ಯಾರ್ರೀ ಮನೇಲಿ?" ಎಂದು ಡ್ರೈವರ್ ಕೂಗಿದ. ಅನ್ನಮ್ಮನವರು ತಿರುಗಿ ನೋಡಲಿಲ್ಲ. ನಾನು ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದು ಕೂತೆ. ಗಾಡಿ ಹೊರಟುಹೋದ ಸದ್ದೂ ಕೇಳಿಸಿತು, ಶಾಲು ಬಿದ್ದ ಜಾಗ ದಾಟಿದ್ದೂ ಕೇಳಿಸಿತು. ಅದರ ಮುಂದೆ ಏನಿದೆ ಎಂದು ನನಗೆ ಆವತ್ತೇ ತಿಳಿದದ್ದು. ಬಹಳ ಮೆತ್ತಗೆ, ಮನೆಯವರೆಲ್ಲ ಮಲಗಿದ ಮೇಲೆ ಒಬ್ಬರು ಕೊನೆಯ ದೀಪ ಸಣ್ಣ ಮಾಡುವ ಹಾಗೆ ಮುಗಿಯುತ್ತದೆ ಅದು.

ಕೈ ಎತ್ತಿ ತೊಡೆಯ ಮೇಲಿಟ್ಟುಕೊಂಡರು. "ನೀರು ಓಯ್ತಲ್ಲವ್ವಾ."

"ಹೋಯ್ತಮ್ಮ. ನಂಗೆ ಸಿಟ್ಟೂ ಬಂದಿದೆ. ಆದ್ರೆ ಇದು ಮುಗೀಬೇಕಿತ್ತು."

ಅವರು ನಕ್ಕರು. "ನೋಡು, ಮಾತು ಪೂರ್ತಿ ಮಾಡ್ದೆ."

ಅದಾದ ಸ್ವಲ್ಪ ದಿನಕ್ಕೆ ಆಸ್ಪತ್ರೆಗೆ ಹೋದವರು ವಾಪಸು ಬರಲಿಲ್ಲ. ಕಾರು ಗೇಟು ದಾಟುವಾಗ ಕೈ ಬೀಸಲಿಲ್ಲ. ಬೆರಳುಗಳನ್ನು ಸೀಟಿನ ಮೇಲೆ ಆಡಿಸುತ್ತಿದ್ದರು.

ಪಿಯಾನೋವನ್ನು ಮಂಜುನಾಥ್ ತಮ್ಮ ಕಲ್ಯಾಣ ಮಂಟಪಕ್ಕೆ ಒಯ್ದರು, ದೊಡ್ಡಮ್ಮನ ನೆನಪಿಗೆ. ಪರಿಚಯದವರ ಮದುವೆಗೆಂದು ನಾವು ಈಚೆಗೆ ಅಲ್ಲಿಗೆ ಹೋಗಿದ್ದೆವು. ಬಾಗಿಲಲ್ಲೇ ಅದನ್ನು ನಿಲ್ಲಿಸಿದ್ದಾರೆ. ಮೇಲೆ ಗೋಡೆಯಲ್ಲಿ ಪೇಟ ತೊಟ್ಟ ಅನ್ನಮ್ಮನವರ ದೊಡ್ಡ ಫೋಟೋ, ಪಾರ್ಕಿನಲ್ಲಿ ಮೈಕ್ ಹಿಡಿದ ಗಳಿಗೆಯದು. ಬಾಯಿ ತೆರೆದಿದೆ, ಅವರು ನಗುತ್ತಿದ್ದಾರೆ ಎಂದೇ ನೋಡಿದವರು ಅಂದುಕೊಳ್ಳಬೇಕು. ಕೆಳಗೆ ಚಿನ್ನದ ಅಕ್ಷರದಲ್ಲಿ 'ಕನ್ನಡದ ಹೆಮ್ಮೆ'. ಪಿಯಾನೋ ಮೇಲೆ ತಾಂಬೂಲದ ಚೀಲಗಳನ್ನು ಒಟ್ಟಿದ್ದರು, ತೆಂಗಿನಕಾಯಿ ಸಮೇತ. ಹತ್ತಿರ ಹೋದೆ. ಒಳಗಿನಿಂದ ಲವಂಗದ ವಾಸನೆ ಇನ್ನೂ ಬರುತ್ತಿತ್ತು.

ನಾನು ಚೀಲಗಳನ್ನು ಇಳಿಸತೊಡಗಿದೆ. ಮಂಜುನಾಥ್ ಓಡಿಬಂದರು. "ಬಿಡಿ ಆಂಟಿ, ಹುಡುಗ್ರು ಮಾಡ್ತಾರೆ. ತಿಂಡಿ ಆಯ್ತಾ?"

"ತಿಂಡಿ ಆಮೇಲೆ. ಆ ಫೋಟೋ ತೆಗೀರಿ ಮಂಜುನಾಥ್. ಅವರು ಅಲ್ಲಿ ನಗ್ತಾ ಇಲ್ಲ. ನಿಮ್ಮನ್ನ ಬೈತಾ ಇದ್ದಾರೆ."

"ಏನ್ ಆಂಟಿ ನೀವು, ದೊಡ್ಡಮ್ಮ ಬೈದ್ರೂ ನಮಗೆ ಆಶೀರ್ವಾದ ಅಲ್ವಾ? ಹೋಗೋಕೆ ಮುಂಚೆ ನಮ್ಮ ಕೈಲಿ ಒಂದು ಸನ್ಮಾನ ಆಯ್ತಲ್ಲ, ದೇವ್ರು ದೊಡ್ಡವನು."

"ಅವರು ನಿಮ್ಮನ್ನ ಕೇಳಿದ್ದು ಸನ್ಮಾನ ಅಲ್ಲ. ಅರ್ಧ ಗಂಟೆ ಕೇಳಿದ್ರು. ನೀವು..."

"ಆಯ್ತು ಬಿಡಿ ಆಂಟಿ."

ಯಜಮಾನರು ನನ್ನ ಮೊಳಕೈ ಹಿಡಿದು ಮೆಲ್ಲಗೆ ಎಳೆದರು. ಅಷ್ಟರಲ್ಲಿ ಒಳಗೆ ಪುರೋಹಿತರು ಕೈಯೆತ್ತಿದರು, ಗಟ್ಟಿಮೇಳ ಮೊಳಗಿತು. ಎಲ್ಲರೂ ಅಕ್ಷತೆ ಹಿಡಿದು ಮಂಟಪದ ಕಡೆ ನುಗ್ಗಿದರು. ಆ ಸದ್ದಿನಲ್ಲಿ ನನ್ನ ಬಾಯಿ ಮಾತ್ರ ಆಡಿದ ಹಾಗಿತ್ತು, ಮಾತು ನನಗೇ ಕೇಳಿಸಲಿಲ್ಲ. ತಾಳಿ ಕಟ್ಟುವ ಹೊತ್ತು, ಅದನ್ನು ಕೆಡಿಸಬಾರದು. ನಾನು ಸುಮ್ಮನಾಗಿ, ನಿಂತಲ್ಲಿಂದಲೇ ಆ ಮಕ್ಕಳಿಗೆ ಒಳ್ಳೆಯದಾಗಲಿ ಎಂದು ಅಕ್ಷತೆ ಹಾಕಿದೆ. ಮಂಜುನಾಥ್ ಕೂಡ ಹಾಕಿ, ಅತ್ತ ಹೋಗಲು ಕಾಲು ತೆಗೆದರು.

"ನಿಂತ್ಕೊಳ್ಳಿ," ಎಂದು ಅವರ ಕಿವಿಯ ಹತ್ತಿರವೇ ಕೂಗಿದೆ. "ನಂದು ಇನ್ನೂ ಮುಗಿದಿಲ್ಲ."

ಅವರು ನಿಂತರು. ಅಂಗೈಗೆ ಅಂಟಿದ್ದ ಅಕ್ಷತೆಯನ್ನು ಕೊಡವಿಕೊಳ್ಳಲೂ ಇಲ್ಲ. ವಾಲಗ ನಿಲ್ಲುವ ತನಕ ನಾನು ಪಿಯಾನೋ ಮೇಲೆ ಕೈಯಿಟ್ಟುಕೊಂಡು ಕಾದೆ. ನಿಂತ ಮೇಲೆ, ಎಲ್ಲಿ ಬಿಟ್ಟಿದ್ದೆನೋ ಅಲ್ಲಿಂದಲೇ ಶುರುಮಾಡಿದೆ.